ಬರೀ ಹೊಟ್ಟೆಯ ಮಾತ್ರೆ

ಹೋದ ತಿಂಗಳು ಇಂದಿರಾನಗರದ ಕ್ಲಿನಿಕ್ಕಿನಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನ ಥೈರಾಯ್ಡಿಗೆ ಒಂದು ಪುಟ್ಟ ಮಾತ್ರೆ ಬರೆದುಕೊಟ್ಟಳು. "ಬೆಳಿಗ್ಗೆ ಎದ್ದ ತಕ್ಷಣ, ಬರೀ ಹೊಟ್ಟೆಗೆ, ಆಂಟಿ" ಎಂದಳು. ಹೊರಗೆ ಜನ ಟೋಕನ್ ಹಿಡಿದು ಕಾಯುತ್ತಿದ್ದರು. ನಾನು ಎದ್ದು ಹೋಗಬೇಕಿತ್ತು, ಹೋಗಲಿಲ್ಲ.

"ಬರೀ ಹೊಟ್ಟೆ ನಿಜವಾಗ್ಲೂ ಬೇಕೇನಮ್ಮ? ಇಲ್ಲಾ ಸುಮ್ನೆ ಬಾಯಿಗೆ ಬಂತು ಅಂತ ಹೇಳ್ತಿದೀರಾ?"

ಅವಳಿಗೆ ನಗು ಬಂತು. "ಬೇಕೇ ಬೇಕು ಆಂಟಿ. ಹೊಟ್ಟೇಲಿ ಏನಾದ್ರೂ ಇದ್ರೆ ಇದು ಹಿಡಿಯಲ್ಲ. ನೀವೇನು ಮೆಡಿಕಲ್ ಲೈನಲ್ಲಿದ್ರಾ?"

"ಔಷಧಿ ಕಂಪನೀಲಿದ್ದೆ. ಟೈಪಿಸ್ಟು" ಎಂದೆ.

ಕ್ಲಿನಿಕ್ಕಿನ ಹೊರಗೆ, ಮಳೆಮರದ ಕೆಳಗೆ ಒಂದು ಇಸ್ತ್ರಿ ಗಾಡಿಯಿದೆ. ಗಂಜಿ ಹಾಕಿದ ಹತ್ತಿ ಸೀರೆಗೆ ನೀರು ಚಿಮುಕಿಸಿ ಆ ಮನುಷ್ಯ ಕೆಂಡದ ಪೆಟ್ಟಿಗೆಯನ್ನು ಎಳೆದ. ಚುಂಯ್ ಎಂದು ಎದ್ದ ಆವಿ ನನ್ನ ಮುಖಕ್ಕೆ ಬಡಿಯಿತು. ಬಿಸಿ ಗಂಜಿಯ ವಾಸನೆ. ನಾನು ಅಲ್ಲೇ ಗಾಡಿಯ ಕಂಬ ಹಿಡಿದುಕೊಂಡೆ. ನಮ್ಮ ಮಾತ್ರೆ ಕೋಣೆಯ ವಾಸನೆ ಇದೇ ಆಗಿತ್ತು. ಫಿಲೋಳ ಅಂಗೈಯ ವಾಸನೆಯೂ ಇದೇ.

ಅದು ನಲವತ್ಮೂರನೆಯ ಇಸವಿ, ಯುದ್ಧದ ಕಾಲ. ಇಂದಿರಾನಗರ ಎನ್ನುವ ಊರೇ ಆಗ ಇರಲಿಲ್ಲ. ಈ ಕ್ಲಿನಿಕ್ಕು ನಿಂತಿರುವ ಜಾಗ ಬಿನ್ನಮಂಗಲದವರ ರಾಗಿ ಹೊಲ. ನಮ್ಮದು ಹಲಸೂರು ಕೆರೆಯ ಹಿಂದಿನ ಓಣಿಯಲ್ಲಿ ಒಂದು ಹೆಂಚಿನ ಮನೆ. ಅಪ್ಪ ರೈಲ್ವೆಯಲ್ಲಿದ್ದವರು, ತೀರಿಕೊಂಡಿದ್ದರು. ಅಮ್ಮ ಮಿಲಿಟರಿ ಶರ್ಟುಗಳಿಗೆ ಕಾಜಾ ಹೊಲಿಯುತ್ತಿದ್ದಳು. ಮನೆಯೊಳಗೆ ಕನ್ನಡ, ಓಣಿಯಲ್ಲಿ ತಮಿಳು, ಕಾನ್ವೆಂಟಿನಲ್ಲಿ ಇಂಗ್ಲಿಷು. ನಾವು ಅಕ್ಕತಂಗಿಯರು ಮೂರನ್ನೂ ಕಲಸಿಕೊಂಡು ಬೆಳೆದವರು. ನಾನು ಆಗ್ನೆಸ್. ನನ್ನ ತಂಗಿ ಫಿಲೋಮಿನಾ, ನಮಗೆಲ್ಲ ಫಿಲೋ.

ಫಿಲೋಗೆ ಮೂರ್ಛೆರೋಗ. ಚಿಕ್ಕಂದಿನಿಂದಲೂ ಇತ್ತು. ಮೊದಲೆಲ್ಲ ಜರ್ಮನಿಯ ಬಿಳಿ ಮಾತ್ರೆ ಸಿಗುತ್ತಿತ್ತು, ಅದನ್ನು ನುಂಗಿಕೊಂಡು ಅವಳು ಎಲ್ಲರಂತೆ ಶಾಲೆಗೆ ಹೋಗುತ್ತಿದ್ದಳು. ಯುದ್ಧ ಶುರುವಾದ ಮೇಲೆ ಅಂಗಡಿಗಳಲ್ಲಿದ್ದ ದಾಸ್ತಾನು ಸ್ವಲ್ಪ ಸ್ವಲ್ಪವಾಗಿ ಮುಗಿಯಿತು. ಆಮೇಲೆ ಅವಳು ಬೀಳದ ವಾರವೇ ಇರಲಿಲ್ಲ. ಒಮ್ಮೆ ಒಲೆಯ ಮೇಲೆ ಬಿದ್ದು ಎಡಗೈ ಸುಟ್ಟುಕೊಂಡಳು. ಪೂರ್ ಚೈಲ್ಡ್, ಎದ್ದ ಮೇಲೆ ಅವಳಿಗೆ ಏನೂ ನೆನಪಿರುತ್ತಿರಲಿಲ್ಲ; ಎಲ್ಲರ ಮುಖ ನೋಡಿ ತಾನು ಬಿದ್ದಿದ್ದೆನೆಂದು ತಿಳಿದುಕೊಳ್ಳುತ್ತಿದ್ದಳು. ಓಣಿಯವರು ಅವಳ ಮುಷ್ಟಿಗೆ ಬೀಗದ ಕೈ ತುರುಕುತ್ತಿದ್ದರು, ಮೂಗಿಗೆ ಚಪ್ಪಲಿ ಹಿಡಿಯುತ್ತಿದ್ದರು. ನಮ್ಮ ಸೋದರಮಾವ ಬಂದವರು, "ಇನ್ನೆಷ್ಟು ದಿನ ಅಂತ ಇಟ್ಕೋತೀಯಕ್ಕಾ? ಹುಚ್ಚಾಸ್ಪತ್ರೆಗೆ ಸೇರಿಸ್ಬಿಡು, ಆಗ್ನೆಸ್‌ಗಾದ್ರೂ ಒಂದು ಮದುವೆ ಆಗ್ಲಿ" ಎಂದು ಫಿಲೋ ಎದುರಿಗೇ ಹೇಳಿದರು. ಫಿಲೋ ಅವರಿಗೆ ಕಾಫಿ ತಂದುಕೊಟ್ಟು, "ಮಾವ, ಅಲ್ಲಿ ಕಾಫಿ ಕೊಡ್ತಾರಾ?" ಎಂದು ಕೇಳಿದಳು.

ಆ ವರ್ಷದ ಶುರುವಿನಲ್ಲಿ ನನಗೆ ಕೆಲಸ ಸಿಕ್ಕಿದ್ದು ಮೊದಲಿಯಾರರ ಔಷಧಿ ಕಂಪನಿಯಲ್ಲಿ. ಕೆರೆಯ ಏರಿಯ ಪಕ್ಕದ ಒಂದು ಹಳೆಯ ಬಂಗಲೆ. ಮೊದಲಿಯಾರರು ಮೂಲತಃ ಸೋಡಾ ಫ್ಯಾಕ್ಟರಿಯವರು. ಯುದ್ಧ ಬಂದ ಮೇಲೆ ಸೈನ್ಯಕ್ಕೆ ಕೆಮ್ಮಿನ ಔಷಧಿ ಮಾಡಿಕೊಡಲು ತೊಡಗಿದ್ದರು. ಅಲ್ಲಿಗೇ ನಿಲ್ಲದೆ, ಸಿಗದೇ ಹೋಗಿದ್ದ ಆ ಜರ್ಮನ್ ಮಾತ್ರೆಯನ್ನು ನಾವೇ ಮಾಡೋಣ ಎನ್ನುವ ಹಠ ಹಿಡಿದರು. ಅದಕ್ಕಾಗಿ ಮೂವರು ಸಲಹೆಗಾರರನ್ನು ಗೊತ್ತುಮಾಡಿ, ಬಾಗಿಲಲ್ಲಿ 'ಸೈಂಟಿಫಿಕ್ ಅಡ್ವೈಸರ್ಸ್' ಎಂದು ಅವರ ಹೆಸರುಗಳನ್ನು ಹಿತ್ತಾಳೆ ಫಲಕದಲ್ಲಿ ಕೆತ್ತಿಸಿದ್ದರು.

ಒಬ್ಬರು ಕರ್ನಲ್ ಸಾಹೇಬರು, ಸೈನ್ಯದ ಡಾಕ್ಟರಾಗಿ ನಿವೃತ್ತರಾದ ಇಂಗ್ಲಿಷಿನವರು; ಕನ್ನಡ ಬಾರದು, ಅವರ ಮಾತನ್ನು ನಾನೇ ಇಲ್ಲಿ ಕನ್ನಡಕ್ಕೆ ತಿರುಗಿಸುತ್ತಿದ್ದೇನೆ. ಇನ್ನೊಬ್ಬರು ರಸಾಯನಶಾಸ್ತ್ರದ ಪ್ರೊಫೆಸರ್ ನರಸಿಂಗರಾಯರು; ಊರಿನ ಆ ಕಡೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು, ಪೇಟವನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು. ಮೂರನೆಯವರು ಡಾಕ್ಟರ್ ಖಾದರ್ ಸಾಹೇಬರು. ಈಗಿನ ಶಿವಾಜಿನಗರವನ್ನು ನಾವು ಆಗ ಬ್ಲಾಕ್‌ಪಲ್ಲಿ ಎನ್ನುತ್ತಿದ್ದೆವು. ಅವರ ದವಾಖಾನೆ ಅಲ್ಲಿತ್ತು. ಶನಿವಾರ ಮಧ್ಯಾಹ್ನ ಮೂವರೂ ಬಂಗಲೆಯ ವರಾಂಡದಲ್ಲಿ ಟೀ ಕುಡಿಯುತ್ತಾ ಜಗಳವಾಡುತ್ತಿದ್ದರು. ನಾನು ಟೀ ಸುರಿಯುವುದು, ಆಮೇಲೆ ಅವರು ಹೇಳಿದ್ದನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಳ್ಳುವುದು.

ಮೊದಲಿಯಾರರು ಒಂದು ಪದ್ಧತಿ ಮಾಡಿಟ್ಟಿದ್ದರು. "ನಾನು ಸೋಡಾಕಾರ. ನಂಗೇನ್ ಗೊತ್ತು? ಈ ಮೂರು ತಲೇನೂ ಹೂಂ ಅಂದ್ರೆ ಮೆಷಿನ್ ತಿರುಗುತ್ತೆ. ಒಂದು ತಲೆ ಊಹೂಂ ಅಂದ್ರೂ ನಿಲ್ಲುತ್ತೆ." ಹಾಗಾಗಿ ಮೂವರೂ ಒಪ್ಪುವವರೆಗೆ ಯಾವುದೂ ನಡೆಯುತ್ತಿರಲಿಲ್ಲ. ಮಾತ್ರೆ ಪುಡಿಯಾಗದಂತೆ ಹಿಡಿದಿಡಲು ಗಂಜಿ ಹಾಕುವುದೋ ಗೋಂದು ಹಾಕುವುದೋ ಎನ್ನುವುದಕ್ಕೆ ಒಂದು ಇಡೀ ಮಧ್ಯಾಹ್ನ ಹೋಯಿತು. ಪ್ರೊಫೆಸರರು ಗಂಜಿ ಎಂದರು, ಗಂಜಿಯೇ ಗೆದ್ದಿತು. ಅದರ ಕೊನೆಯಲ್ಲಿ, ಎಲ್ಲರೂ ದಣಿದ ಮೇಲೆ, ಖಾದರ್ ಸಾಹೇಬರು ಕೇಳಿದರು: "ಯಾವಾಗ ತಗೋಬೇಕು ಅಂತ ಬರೆಯೋದು?"

ಕರ್ನಲ್ ಸಾಹೇಬರು ಯೋಚನೆ ಮಾಡಲೇ ಇಲ್ಲ. "ಫಸ್ಟ್ ಥಿಂಗ್ ಇನ್ ದ ಮಾರ್ನಿಂಗ್. ಎಂಪ್ಟಿ ಸ್ಟಮಕ್. ಸಿಪಾಯಿಗಳಿಗೆ ಕ್ವಿನೈನ್ ಕೊಡ್ತಿದ್ದದ್ದೂ ಹಾಗೇ. ತಿಂಡಿ ತಿಂದ ಮನುಷ್ಯ ಎಲ್ಲಾನೂ ಮರೀತಾನೆ."

ಪ್ರೊಫೆಸರರು ಒಂದು ಮಾತ್ರೆಯನ್ನು ಉಗುರಿನಿಂದ ಕೆರೆದು ನೋಡುತ್ತಿದ್ದರು. ತಲೆಯೆತ್ತದೆ ಹೂಂ ಎಂದರು. ಖಾದರ್ ಸಾಹೇಬರೂ ಹೂಂ ಎಂದರು. ಮೂರು ತಲೆ ಆಯಿತು. ಚೀಟಿ ಅಚ್ಚಾಯಿತು, ಕನ್ನಡ, ತಮಿಳು, ಉರ್ದು ಮೂರರಲ್ಲೂ: ದಿನಕ್ಕೊಂದು, ಬೆಳಿಗ್ಗೆ, ಬರೀ ಹೊಟ್ಟೆಯಲ್ಲಿ.

ಮೊದಲ ಮಾತ್ರೆಗಳನ್ನು ಯಾರಿಗೆ ಕೊಡಬೇಕೆಂದು ಆರಿಸಿದವರು ಖಾದರ್ ಸಾಹೇಬರು. ಎಲ್ಲ ಅವರ ದವಾಖಾನೆಗೆ ಬರುತ್ತಿದ್ದವರೇ. ಬ್ಲಾಕ್‌ಪಲ್ಲಿಯ ಸಾಬರ ಮನೆಗಳವರು, ನಮ್ಮ ಹಾಗೆ ಇಗರ್ಜಿಗೆ ಹೋಗುವ ಕ್ರೈಸ್ತ ಮನೆಗಳವರು. ಫಿಲೋ ಹೆಸರನ್ನು ಅವರೇ ಸೇರಿಸಿದರು. ಒಂದು ಬೆಳಿಗ್ಗೆ ತಾಯಂದಿರನ್ನೆಲ್ಲ ವರಾಂಡಕ್ಕೆ ಕರೆಸಿ ಕೂರಿಸಿದಾಗ ಪ್ರೊಫೆಸರರು ಎದ್ದು ನಿಂತು ಹೇಳಿದರು: "ನೋಡ್ರಮ್ಮ, ಇದು ಪೆಪ್ಪರ್‌ಮಿಂಟ್ ಅಲ್ಲ. ಚೀಟೀಲಿ ಹೆಂಗಿದ್ಯೋ ಹಂಗೇ ಕೊಡ್ಬೇಕು. ನಿಮ್ಮ ಬುದ್ಧಿ ಉಪಯೋಗಿಸ್ಬೇಡಿ. ಒಂದು ಕೂದಲೆಳೆ ಆಚೆ ಈಚೆ ಆದ್ರೂ ಔಷಧಿ ಹೋಗಿ ವಿಷ ಆಗುತ್ತೆ."

ಅಮ್ಮ ಆ ಚೀಟಿಯನ್ನು ಆರೋಗ್ಯಮಾತೆಯ ಪಟದ ಪಕ್ಕದಲ್ಲಿ ಅಂಟಿಸಿದಳು.

ಆಮೇಲೆ ಬಂದ ಆ ಬೇಸಿಗೆಯನ್ನು, ಮುಂಗಾರನ್ನು ಹೇಗೆ ಹೇಳಲಿ? ಅಕ್ಕಿಗೆ ರೇಷನ್ನು, ಸೀಮೆಎಣ್ಣೆಗೆ ಸಾಲು, ಕಿಟಕಿಗಳಿಗೆ ಕಪ್ಪು ಕಾಗದ; ಹಗಲೆಲ್ಲ ಮಿಲಿಟರಿ ಲಾರಿಗಳು ಮದ್ರಾಸ್ ರಸ್ತೆಯಲ್ಲಿ ಕೃಷ್ಣರಾಜಪುರದ ಕಡೆಗೆ ಗುಡುಗುತ್ತಾ ಹೋಗುತ್ತಿದ್ದವು. ಊರಿಗೆಲ್ಲ ಕೆಟ್ಟ ವರ್ಷ, ನಮ್ಮ ಮನೆಗೆ ಮಾತ್ರ ಅದು ಬೆಳಕು. ಫಿಲೋ ಬೀಳಲಿಲ್ಲ. ಒಂದು ವಾರ ಬೀಳಲಿಲ್ಲ, ಒಂದು ತಿಂಗಳು ಬೀಳಲಿಲ್ಲ. ಒಬ್ಬಳೇ ನಲ್ಲಿಗೆ ಹೋಗಿ ಕೊಡ ತುಂಬಿಕೊಂಡು ಬಂದಳು. ಕೆರೆ ಏರಿಯ ಮೇಲೆ ಓಡಿದಳು. ಭಾನುವಾರ ಅಮ್ಮ ಮಾತ್ರೆ ಕೊಡುತ್ತಿರಲಿಲ್ಲವೆನ್ನುವುದನ್ನು ಆಗ ನಾನು ಗಮನಿಸಿರಲಿಲ್ಲ. ವಾರಕ್ಕೊಂದು ತಪ್ಪಿದ್ದು ಅವಳಿಗೆ ಏನೂ ಮಾಡಿಯೂ ಇರಲಿಲ್ಲ. ಮಧ್ಯಾಹ್ನ ನನಗೆ ಊಟದ ಡಬ್ಬಿ ತಂದವಳು ಮಾತ್ರೆ ಕೋಣೆಯ ಹೆಂಗಸರ ಜೊತೆ ಹರಟುತ್ತಾ ಗಂಜಿ ಕಲಸುತ್ತಿದ್ದಳು. ಒಂದು ಸಂಜೆ ಮನೆಗೆ ಬರುವಾಗ ಥಟ್ಟನೆ ನಿಂತು ಹೇಳಿದಳು:

"ಅಕ್ಕಾ, ನಂಗೆ ಇವತ್ತು ಬೆಳಿಗ್ಗೆಯಿಂದ ನಡೆದಿದ್ದೆಲ್ಲಾ ನೆನಪಿದೆ. ಮಧ್ಯೆ ಎಲ್ಲೂ ತೂತಿಲ್ಲ."

"ಅದೇನ್ ದೊಡ್ಡ ವಿಷ್ಯ ಕಣೇ?" ಎಂದೆ.

"ನಿಂಗೆ ದೊಡ್ಡದಲ್ಲ. ನೀನು ದಿನಾ ಹಂಗೇ ಇರ್ತೀಯ. ಶೋ ಆಫ್!" ಎಂದು ನನ್ನ ಜಡೆ ಎಳೆದು ಓಡಿದಳು.

ಸೆಪ್ಟೆಂಬರಿನಲ್ಲಿ ಮಾತೆಯ ಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನದ ಪ್ರಾರ್ಥನೆ, ನೊವೆನಾ. ಮಗಳು ಗುಣವಾದಳೆಂದು ಅಮ್ಮ ಹರಕೆ ಹೊತ್ತಳು: ಒಂಬತ್ತು ದಿನವೂ ಫಿಲೋಳನ್ನು ಕರೆದುಕೊಂಡು ಹಲಸೂರಿನಿಂದ ಬ್ಲಾಕ್‌ಪಲ್ಲಿಯವರೆಗೆ ನಡೆದುಹೋಗಿ, ಬೆಳಗಿನ ಪೂಜೆಯಲ್ಲಿ ಇಬ್ಬರೂ ಸತ್ಪ್ರಸಾದ ಸ್ವೀಕರಿಸುವುದು. ಬೇಡಿಕೆಯ ಹರಕೆಯಲ್ಲ, ಥ್ಯಾಂಕ್ಸ್‌ಗಿವಿಂಗ್. ಪೂಜೆಯ ಅಪ್ಪದಲ್ಲಿ ಸ್ವಾಮಿಯೇ ಇದ್ದಾರೆಂದು ನಮ್ಮ ನಂಬಿಕೆ. ಅದನ್ನು ನಾಲಿಗೆಯ ಮೇಲೆ ಇರಿಸಿಕೊಳ್ಳುವವರು ಹಿಂದಿನ ನಡುರಾತ್ರಿಯಿಂದ ಏನೂ ಮುಟ್ಟುವಂತಿಲ್ಲ, ನೀರು ಕೂಡ. ಆಗಿನ ಕಟ್ಟಳೆ ಅಷ್ಟು ಬಿಗಿ. ಅವರಿಬ್ಬರು ನಾನು ಏಳುವ ಮೊದಲೇ ಹೊರಡುತ್ತಿದ್ದರು. ಅವರು ಬರುವಷ್ಟರಲ್ಲಿ ನಾನು ಆಫೀಸಿಗೆ ಹೋಗಿರುತ್ತಿದ್ದೆ.

ನೊವೆನಾ ಅರ್ಧ ದಾಟಿದ ಮೇಲೆ ಫಿಲೋ ಇಗರ್ಜಿಯ ಮೆಟ್ಟಿಲ ಮೇಲೆ ಬಿದ್ದಳು.

ಆಸ್ಪತ್ರೆಯಲ್ಲಿ ನಾನು ಕಂಡ ಫಿಲೋ ಬೇರೆಯೇ. ಒಂದು ಸೆಳೆತ ನಿಲ್ಲುವ ಮೊದಲೇ ಇನ್ನೊಂದು ಬರುತ್ತಿತ್ತು. ನಡುವೆ ಕಣ್ಣು ತೆರೆಯುತ್ತಿರಲಿಲ್ಲ. ನರ್ಸುಗಳು ಕೊಡುತ್ತಿದ್ದ ಔಷಧಿಯ ನಾತ ವಾರ್ಡಿನ ತುಂಬ ಇತ್ತು. ಅಮ್ಮ ಅವಳ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಜಪಸರ ತಿರುಗಿಸುತ್ತಿದ್ದಳು. "ಮಾತ್ರೆ ಕೈಬಿಡ್ತು ಆಗ್ನಿ, ಮಾತೆಯೂ ಕೈಬಿಟ್ಟಳು" ಎಂದಳು. ಬಿದ್ದವಳು ಫಿಲೋ ಒಬ್ಬಳೇ ಅಲ್ಲ. ನಮ್ಮ ಓಣಿಯ ಕಮ್ಮಾರನ ಮಗ ಬಿದ್ದ. ಬ್ಲಾಕ್‌ಪಲ್ಲಿಯ ಇಗರ್ಜಿ ಬೀದಿಯ ಇಬ್ಬರು ಹೆಂಗಸರು ಬಿದ್ದರು. ದಿನ ಬೆಳಗಾದರೆ ಇನ್ನೊಬ್ಬರ ಸುದ್ದಿ.

ಮೊದಲಿಯಾರರು ಸಲಹೆಗಾರರನ್ನು ತುರ್ತಾಗಿ ಕರೆಸಿದರು. ನಾನೂ ಹೋದೆ, ಅಲ್ಲಿ ಏನು ತೀರ್ಮಾನವಾಗುತ್ತದೋ ಅದೇ ಫಿಲೋಳ ಹಣೆಬರಹ ಎಂದು ನನಗೆ ಗೊತ್ತಿತ್ತು. ಮಳೆ ವರಾಂಡದೊಳಕ್ಕೇ ಎರಚುತ್ತಿತ್ತು. ಪ್ರೊಫೆಸರರು ಎರಡೇ ದಿನದಲ್ಲಿ ಮುದುಕರಾಗಿದ್ದರು. ಪುಡಿಯನ್ನು ಮತ್ತೆ ಮತ್ತೆ ಪರೀಕ್ಷಿಸಿದ್ದರಂತೆ, ಎಲ್ಲೂ ತಪ್ಪಿಲ್ಲ.

"ತಪ್ಪಿಲ್ಲ ಅಂದ್ಮೇಲೆ ಜನ ಯಾಕೆ ಬೀಳ್ತಿದಾರೆ?" ಎಂದರು ಕರ್ನಲ್ ಸಾಹೇಬರು. "ನಾಲ್ಕು ತಿಂಗಳು ಕೆಲಸ ಮಾಡಿ ಆಮೇಲೆ ಉಲ್ಟಾ ಹೊಡೆಯೋ ಔಷಧಿ ಔಷಧೀನೇ ಅಲ್ಲ. ಸ್ಟಾಪ್ ದ ಲಾಟ್. ಇವತ್ತೇ. ಎಲ್ಲರ ಮನೆಯಿಂದ್ಲೂ ವಾಪಸ್ ತರಿಸಿ, ಕೆರೆಗೆ ಸುರೀರಿ."

"ನಾನು ಬೇಡ ಅನ್ನಲ್ಲ" ಎಂದರು ಪ್ರೊಫೆಸರರು, ನೆಲ ನೋಡುತ್ತಾ. ಎರಡು ತಲೆ ಆಗಿತ್ತು. ಮೊದಲಿಯಾರರು ಟವಲಿನಿಂದ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಗೇಟಿನ ಹತ್ತಿರ ಅಮ್ಮ ಕಾಣಿಸಿದಳು. ಒದ್ದೆ ಸೀರೆ, ಕಾಲಲ್ಲಿ ಚಪ್ಪಲಿಯಿಲ್ಲ. ಮೆಟ್ಟಿಲ ಕೆಳಗೇ ನಿಂತು ಖಾದರ್ ಸಾಹೇಬರಿಗೆ ಕೈಮುಗಿದಳು. "ಡಾಕ್ಟ್ರೇ, ಇದಕ್ಕಿಂತ ಬಲವಾದ ಮಾತ್ರೆ ಏನಾದ್ರೂ ಇದ್ರೆ ಕೊಡಿ. ಅವಳು ನನ್ನ ಗುರುತು ಹಿಡೀತಿಲ್ಲ."

ಖಾದರ್ ಸಾಹೇಬರು ತಾವೇ ಇಳಿದುಹೋಗಿ ಅವಳನ್ನು ಮೇಲೆ ಕರೆತಂದು ಕುರ್ಚಿಯಲ್ಲಿ ಕೂರಿಸಿದರು. ಏನು ಮಾಡುವುದೆಂದು ತೋಚದೆ ಕರ್ನಲ್ ಸಾಹೇಬರು ಟೀ ಸುರಿದರು. ಅವಳಿಗೊಂದು ಕಪ್ಪು, ಖಾದರ್ ಸಾಹೇಬರಿಗೊಂದು.

"ರೋಜಾ, ಕರ್ನಲ್" ಎಂದರು ಖಾದರ್ ಸಾಹೇಬರು. ಆ ವರ್ಷ ಅವರ ರಂಜಾನಿನ ಉಪವಾಸವೂ ನಮ್ಮ ನೊವೆನಾವೂ ಒಟ್ಟಿಗೇ ಬಂದಿದ್ದವು. ಕಪ್ಪನ್ನು ಹಿಂದಕ್ಕೆ ಸರಿಸಲು ಹೋದ ಅವರ ಕೈ ಹಾಗೇ ನಿಂತುಬಿಟ್ಟಿತು. "ಅರೆ..." ಎಂದರು. ತಮಗೆ ತಾವೇ ಹೇಳಿಕೊಂಡಂತೆ ಹೇಳಿದರು: "ರೋಜಾ ಹಿಡಿದಿರೋ ನನ್ನ ಪೇಷೆಂಟ್‌ಗಳು ಒಬ್ರೂ ಬಿದ್ದಿಲ್ಲ. ಬೆಳಕು ಹರಿಯೋ ಮುಂಚೆ ಸೆಹ್ರಿ ಊಟಕ್ಕೆ ಎದ್ದಾಗ ಮೊದ್ಲು ಮಾತ್ರೆ ನುಂಗಿ ಅಂತ ನಾನೇ ಹೇಳಿದ್ದೆ. ಬಿದ್ದಿರೋರೆಲ್ಲ ಇಗರ್ಜಿಯವರು."

ಅವರು ಅಮ್ಮನ ಎದುರಿಗೆ ಕುರ್ಚಿ ಎಳೆದುಕೊಂಡರು. "ಅಮ್ಮಾ, ಮಗಳಿಗೆ ಮಾತ್ರೆ ಕೊಡ್ತಿದ್ರಾ?"

"ಕೊಡ್ತಿದ್ದೆ ಡಾಕ್ಟ್ರೇ. ಚೀಟೀಲಿದ್ದ ಹಾಗೇ. ಒಂದು ಕೂದಲೆಳೆ ಆಚೆ ಈಚೆ ಇಲ್ಲ."

"ಈ ನೊವೆನಾ ದಿನಗಳಲ್ಲೂ?"

"ಅಯ್ಯೋ, ಅದು ಹೇಗಾಗುತ್ತೆ? ಪೂಜೆಗೆ ಮುಂಚೆ ನಾಲಿಗೆ ಮೇಲೆ ತೊಟ್ಟು ನೀರೂ ಬೀಳೋ ಹಾಗಿಲ್ಲ."

"ಆಯ್ತು. ಪೂಜೆ ಆದ್ಮೇಲೆ, ತಿಂಡಿಗೆ ಮೊದ್ಲು ಕೊಡ್ಬೋದಿತ್ತಲ್ಲ? ಆಗ್ಲೂ ಬರೀ ಹೊಟ್ಟೇನೇ ಅಲ್ವಾ?"

ಅಮ್ಮ ಅವರ ಮುಖವನ್ನು ಮಗುವಿನ ಮುಖ ನೋಡುವಂತೆ ನೋಡಿದಳು. "ಪೂಜೆ ಆದ್ಮೇಲೆ ಸ್ವಾಮಿ ಒಳಗಿರ್ತಾರೆ. ದೇವರು ಬಂದು ಕೂತಿರೋ ಹೊಟ್ಟೇನ ಬರೀ ಹೊಟ್ಟೆ ಅಂತ ಯಾವ ಬಾಯಲ್ಲಿ ಅನ್ನೋದು ಡಾಕ್ಟ್ರೇ? ಅದಕ್ಕೇ ಸತ್ಪ್ರಸಾದ ತಗೊಂಡ ದಿನ ಮಾತ್ರೆ ಇಲ್ಲ. ನಮ್ಮೋರೆಲ್ಲಾ ಹಾಗೇ. ನಾನೇ ಎಲ್ಲರಿಗೂ ಹೇಳಿದ್ದೆ, ಚೀಟಿ ತಪ್ಪಿಸ್ಬೇಡಿ, ವಿಷ ಆಗುತ್ತೆ ಅಂತ."

ಕರ್ನಲ್ ಸಾಹೇಬರು ನನ್ನ ಕಡೆ ತಿರುಗಿದರು. ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಕಾನ್ವೆಂಟಿನ ಎಲೋಕ್ಯೂಶನ್ ಸ್ಪರ್ಧೆಯಲ್ಲಿ ಪ್ರೈಜ್ ಗೆದ್ದ ನಾಲಿಗೆ ಅದು. ಆ ಒಂದು ವಾಕ್ಯಕ್ಕೆ ಮೂರು ಸಲ ತಡವರಿಸಿತು. ಅವರು ಕೈಯಲ್ಲಿದ್ದ ಟೀ ಕೆಟಲನ್ನು ಕೆಳಗಿಟ್ಟರು.

"ರಾವ್," ಎಂದು ಪ್ರೊಫೆಸರರನ್ನು ಕೇಳಿದರು, "ಎಂಪ್ಟಿ ಸ್ಟಮಕ್ ಇರ್ಲೇಬೇಕಿತ್ತಾ?"

ಪ್ರೊಫೆಸರರು ಅಮ್ಮನ ಕಡೆ ತಿರುಗಿದರು. ಆಮೇಲೆ ಕನ್ನಡದಲ್ಲೇ, ಅಮ್ಮನಿಗೆ ಕೇಳಿಸುವ ಹಾಗೆ ಹೇಳಿದರು. "ಇಲ್ಲ. ಈ ಮಾತ್ರೆ ಯಾವಾಗ ಬೇಕಾದ್ರೂ ತಗೋಬೋದು. ಊಟ ಆದ್ಮೇಲೂ. ರಾತ್ರೀನೂ."

"ಯಾವಾಗ ಬೇಕಾದ್ರೂ?" ಎಂದಳು ಅಮ್ಮ.

ಮಳೆ ಸುರಿಯುತ್ತಲೇ ಇತ್ತು. ಅಮ್ಮ ಟೀ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅದರೊಳಗೆ ನೋಡುತ್ತಾ ಕೂತಿದ್ದಳು.

ಆಮೇಲೆ ಎಲ್ಲವೂ ಓಟ. ದಿನವೂ ನುಂಗುತ್ತಿದ್ದ ಮಾತ್ರೆಯನ್ನು ಒಂದೇ ಸಮ ನಾಲ್ಕೈದು ದಿನ ಬಿಟ್ಟರೆ ರೋಗ ಇಮ್ಮಡಿಯಾಗಿ ಮರಳುತ್ತದಂತೆ; ಬಿದ್ದವರಿಗೆ ಬೇಕಾಗಿದ್ದುದು ಅದೇ ಮಾತ್ರೆ. ಖಾದರ್ ಸಾಹೇಬರು ಜಟಕಾ ಹಿಡಿದು ಒಂದೊಂದೇ ಮನೆಗೆ ಹೋದರು. ಪ್ರೊಫೆಸರರು ಮಳೆಯಲ್ಲೇ ಸೈಕಲ್ ತುಳಿದರು. ಕಮ್ಮಾರನ ಮಗ ಉಳಿದ. ಆ ಇಬ್ಬರು ಹೆಂಗಸರೂ ಉಳಿದರು. ಕರ್ನಲ್ ಸಾಹೇಬರು ತಮ್ಮ ಕಾರಿನಲ್ಲಿ, ಉಳಿಸಿಟ್ಟಿದ್ದ ಪೆಟ್ರೋಲೆಲ್ಲ ಸುರಿದು, ಅಮ್ಮನನ್ನೂ ನನ್ನನ್ನೂ ಆಸ್ಪತ್ರೆಗೆ ಕರೆದೊಯ್ದರು. ಮಾತ್ರೆಯನ್ನು ಪುಡಿಮಾಡಿ ನೀರಲ್ಲಿ ಕದಡಿ, ಫಿಲೋಳ ಮೂಗಿನ ನಳಿಗೆಯಲ್ಲಿ ತಾವೇ ಇಳಿಸಿದರು. ಸೆಳೆತ ಸಡಿಲಾಯಿತು. ಒಂದು ಗಳಿಗೆ ಅವಳ ಬೆರಳು ನನ್ನ ಜಡೆಯ ತುದಿಯನ್ನು ಹಿಡಿದ ಹಾಗಾಯಿತು. ಹಾಗೆಂದು ನಾನು ಇವತ್ತಿಗೂ ನಂಬಿದ್ದೇನೆ.

ಆದರೆ ಅವಳ ಮೈ ಅಷ್ಟು ಹೊತ್ತಿಗೆ ಬಹಳ ಸೋತಿತ್ತು. ಹಬ್ಬದ ದಿನ ಬೆಳಿಗ್ಗೆ, ಮೊದಲ ಪೂಜೆಯ ಗಂಟೆ ಹೊಡೆಯುತ್ತಿರುವಾಗ ಫಿಲೋ ಹೊರಟುಹೋದಳು.

ತಿಂಗಳ ನಂತರ ಒಂದು ಶನಿವಾರ ಮೂವರೂ ನಮ್ಮ ಮನೆಗೆ ಬಂದರು. ಕೂರಲು ಅಷ್ಟು ಕುರ್ಚಿಯಿರಲಿಲ್ಲ. ಕರ್ನಲ್ ಸಾಹೇಬರು ಅಮ್ಮನ ಹೊಲಿಗೆ ಪೆಟ್ಟಿಗೆಯ ಮೇಲೆ ಮೊಣಕಾಲು ಮಡಚಿಕೊಂಡು ಕೂತರು. ಖಾದರ್ ಸಾಹೇಬರು ಹೊಸ ಚೀಟಿಯನ್ನು ಓದಿದರು: ದಿನಕ್ಕೊಂದು, ರಾತ್ರಿ ಮಲಗುವ ಮೊದಲು, ಊಟ ಆಗಿರಲಿ ಆಗದಿರಲಿ. "ಅಮ್ಮಾ, ನೀವು ಹೂಂ ಅಂದ್ರೆ ಮಾತ್ರ ಇದು ಅಚ್ಚಿಗೆ ಹೋಗೋದು" ಎಂದರು.

ಅಮ್ಮ ಕಾಜಾ ಹೊಲಿಯುವುದನ್ನು ನಿಲ್ಲಿಸಲಿಲ್ಲ. ದಾರ ಕಚ್ಚಿ ತುಂಡು ಮಾಡಿ, "ಇನ್ನೊಂದು ಸೇರಿಸಿ" ಎಂದಳು. "ದೇವರ ದಿನವೂ ಬಿಡಬಾರದು, ಅಂತ."

"ಅದು ಸೈನ್ಸ್ ಅಲ್ಲ" ಎಂದು ಕರ್ನಲ್ ಸಾಹೇಬರು ಹೇಳಲಿಲ್ಲ. ತಲೆ ಬಗ್ಗಿಸಿದರು. ಆ ಚೀಟಿಯನ್ನು ಟೈಪು ಮಾಡಿಕೊಟ್ಟು ನಾನು ಆ ವರ್ಷದ ಕೊನೆಗೆ ಕಂಪನಿ ಬಿಟ್ಟೆ. ಗಂಜಿಯ ವಾಸನೆ ತಡೆಯಲಾಗುತ್ತಿರಲಿಲ್ಲ.

ಅಮ್ಮ ಇಗರ್ಜಿಯನ್ನು ಬಿಡಲಿಲ್ಲ. ಭಾನುವಾರ ಉಪವಾಸವಿದ್ದು ಹೋಗುತ್ತಿದ್ದಳು, ಸತ್ಪ್ರಸಾದ ಸ್ವೀಕರಿಸುತ್ತಿದ್ದಳು. ಎಷ್ಟೋ ವರ್ಷ ಕಳೆದು, ಅವಳ ಕಿವಿ ಮಂದವಾದ ಮೇಲೆ, ಒಂದು ಭಾನುವಾರ ಫಾದರ್ ಪೀಠದಿಂದ ಹೊಸ ಕಟ್ಟಳೆಯನ್ನು ಓದಿದರು. ಅಮ್ಮ ನನ್ನ ಮೊಣಕೈ ತಿವಿದಳು.

"ಏನಂತೆ ಆಗ್ನಿ?"

"ಇನ್ಮೇಲೆ ನೀರು ಕುಡಿದ್ರೆ ಉಪವಾಸ ಕೆಡಲ್ವಂತೆ. ಕಾಯಿಲೆಯವರು ಔಷಧೀನೂ ತಗೋಬೋದಂತೆ ಅಮ್ಮ, ಪೂಜೆಗೆ ಮುಂಚೇನೇ."

ಅವಳು ಪೀಠವನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಯಾವಾಗ ಬೇಕಾದ್ರೂ?" ಎಂದು ಕೇಳಿದಳು.

ಗಂಟೆ ಹೊಡೆಯಿತು, ಜನ ಸತ್ಪ್ರಸಾದಕ್ಕೆ ಸಾಲಾಗಿ ಎದ್ದರು. ಅಮ್ಮ ಮಾತ್ರ ಆವತ್ತು ಬೆಂಚಿನಿಂದ ಏಳಲಿಲ್ಲ.